ಚೆಕ್ಕಿಗೊಂದು ಲಗೇಜ್ ಟಿಕೆಟ್

ನನ್ನ ಅಕ್ಕನ ಮಗಳು ಬಿ.ಎ. ಎರಡನೇ ವರ್ಷ. ಅರ್ಥಶಾಸ್ತ್ರದಲ್ಲಿ ಕಾಲೇಜಿಗೇ ಜಾಸ್ತಿ ಅಂಕ ತೆಗೆದಳು. ತಪ್ಪು ಅವಳದೇ. ಅಷ್ಟು ತೆಗೆಯದೇ ಇದ್ದಿದ್ದರೆ ಆ ಭಾನುವಾರ ನಾವಿಬ್ಬರೂ ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿರುತ್ತಿದ್ದೆವು.

ಬಡಾವಣೆಯ ಸಂಘವೊಂದರಿಂದ ಪ್ರತಿಭಾ ಪುರಸ್ಕಾರದ ಕಾಗದ ಬಂತು. ಸಂಘದ ಹೆಸರು ಬೇಡ. ಬರೆದರೆ ಖುಷಿಪಟ್ಟು ನನಗೂ ಒಂದು ಶಾಲು ಹೊದಿಸಿಯಾರು. ಗೆಜೆಟೆಡ್ ಅಧಿಕಾರಿ ಸಹಿ ಹಾಕಿದ ಅಂಕಪಟ್ಟಿಯ ನಕಲು ತರಬೇಕು. ಪಾಸ್‌ಪೋರ್ಟ್ ಸೈಜ್ ಫೋಟೋ ಎರಡು. ಪೋಷಕರ ಜೊತೆ ಬೆಳಗ್ಗೆ ಒಂಬತ್ತಕ್ಕೆ ಹಾಜರಿರಬೇಕು, ಇಲ್ಲದಿದ್ದರೆ ಬಹುಮಾನ ಇಲ್ಲ. ಅಕ್ಕ, ಭಾವ ಊರಲ್ಲಿದ್ದಾರೆ. ಹಾಗಾಗಿ ಪೋಷಕನ ಪಾತ್ರ ನನ್ನ ಪಾಲಿಗೆ ಬಂತು.

ಆಹ್ವಾನ ಪತ್ರಿಕೆ ಚೆನ್ನಾಗಿತ್ತು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಅತಿಥಿಗಳು, ಘನ ಉಪಸ್ಥಿತಿ. ಒಟ್ಟು ಹದಿನಾಲ್ಕು ಹೆಸರು, ಹದಿನಾಲ್ಕು ಮುಖ. ಕೆಳಗೆ ಸಣ್ಣಕ್ಷರದಲ್ಲಿ ‘ಲಘು ಉಪಾಹಾರದ ವ್ಯವಸ್ಥೆ ಇದೆ’. ಅದರ ಕೆಳಗೆ, ಇನ್ನೂ ಸಣ್ಣಕ್ಷರದಲ್ಲಿ ‘ಪ್ರತಿಭಾವಂತ ವಿದ್ಯಾರ್ಥಿಗಳನ್ನು ಗೌರವಿಸಲಾಗುವುದು’. ಉಪ್ಪಿಟ್ಟು, ಕೇಸರಿಬಾತ್ ಆದಮೇಲೆ ಇವರು.

ಒಂಬತ್ತಕ್ಕೆ ಹೋಗಿ ಕೂತೆವು. ಮುಖ್ಯ ಅತಿಥಿಗಳು ‘ಇನ್ನೇನು ಬಂದುಬಿಟ್ಟರು, ಹತ್ತಿರದಲ್ಲೇ ಇದ್ದಾರೆ’ ಅಂತ ಮೈಕಿನಲ್ಲಿ ಹೇಳಿದ್ದು ಹತ್ತಕ್ಕೆ. ಬಂದಿದ್ದು ಮಧ್ಯಾಹ್ನ ಒಂದೂಕಾಲಿಗೆ. ಅವಳು ಭಾನುವಾರ ಪಕ್ಕದ ರಸ್ತೆಯ ಇಬ್ಬರು ಹುಡುಗರಿಗೆ ಟ್ಯೂಷನ್ ಹೇಳುತ್ತಾಳೆ, ಮುನ್ನೂರು ರೂಪಾಯಿ ಬರುತ್ತದೆ. ಅವತ್ತು ಹೋಯಿತು. ‘ಇದಕ್ಕೆ ಅವಕಾಶ ವೆಚ್ಚ ಅಂತಾರೆ ಮಾಮ’ ಅಂದಳು. ನಮ್ಮ ಕಾಲದಲ್ಲಿ ದಂಡ ಅಂತಿದ್ವಿ.

ಆಮೇಲೆ ವೇದಿಕೆ ಮೇಲೆ ಸನ್ಮಾನ ಶುರುವಾಯಿತು. ಸನ್ಮಾನ ಮಕ್ಕಳಿಗೆ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಹದಿನಾಲ್ಕು ಜನ ಗಣ್ಯರಿಗೆ ತಲಾ ಒಂದು ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಹುಡುಗಿ ಆಹ್ವಾನ ಪತ್ರಿಕೆಯ ಹಿಂಭಾಗ ತಿರುಗಿಸಿ ಪೆನ್ನು ತೆಗೆದಳು.

‘ಮಾಮ, ಪೇಟ ಎಷ್ಟಿರಬಹುದು?’

‘ಚಿಕ್ಕಪೇಟೆ ರೇಟಲ್ಲಿ ಇನ್ನೂರೈವತ್ತು ಹಾಕು.’

ಶಾಲು 200, ಹಾರ 300, ಹಣ್ಣಿನ ಬುಟ್ಟಿ 500, ಕಾಣಿಕೆ 400. ತಲೆಗೆ 1,650. ಹದಿನಾಲ್ಕು ತಲೆಗೆ 23,100. ಇನ್ನೊಂದು ಕಡೆ ವಿದ್ಯಾರ್ಥಿಗಳು 22 ಜನ, ತಲಾ 1,001 ರೂಪಾಯಿ. ಒಟ್ಟು 22,022. ಫ್ಲೆಕ್ಸು, ಶಾಮಿಯಾನ, ಮೈಕು ಸೇರಿಸೋಣ್ವಾ ಅಂತ ಕೇಳಿದಳು. ಬೇಡಮ್ಮ, ಈಗಾಗಲೇ ಗೆದ್ದಿದ್ದಾರೆ ಅಂದೆ.

ಮುಖ್ಯ ಅತಿಥಿಗಳಿಗೆ ಅದು ಅವತ್ತಿನ ನಾಲ್ಕನೇ ಶಾಲಂತೆ, ಅವರೇ ಭಾಷಣದಲ್ಲಿ ಹೇಳಿದರು. ಹೊದಿಸುವ ಕೈ ಇನ್ನೂ ಮೇಲಿರುವಾಗಲೇ ಅವರ ಕೈ ತೆಗೆಯೋಕೆ ಮೇಲೇರಿತ್ತು. ‘ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ’ ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಒಂದೇ ವಸ್ತು ಮತ್ತೆ ಮತ್ತೆ ಸಿಕ್ಕರೆ ಸಲಸಲಕ್ಕೂ ಖುಷಿ ಕಡಿಮೆಯಾಗುತ್ತಾ ಹೋಗುತ್ತದೆ ಅಂತ ಅದರ ಅರ್ಥ. ಪಿ.ಯು.ಸಿ. ಪುಸ್ತಕದಲ್ಲಿ ಇದಕ್ಕೆ ಉದಾಹರಣೆಯಾಗಿ ಒಂದರ ಮೇಲೊಂದು ಹಣ್ಣು ತಿನ್ನಿಸುತ್ತಾರೆ. ಸುಮ್ನೆ ಒಂದು ಪ್ರತಿಭಾ ಪುರಸ್ಕಾರಕ್ಕೆ ಕರೆದುಕೊಂಡು ಹೋದರೆ ಸಾಕು, ಅಲ್ವಾ?

ಮಕ್ಕಳ ಸರದಿಗೂ ಒಂದು ಕ್ರಮ ಇತ್ತು. ಮೊದಲು ಮೆಡಿಕಲ್. ಆಮೇಲೆ ಎಂಜಿನಿಯರಿಂಗ್, ಅದರಲ್ಲೂ ಕಂಪ್ಯೂಟರ್ ಸೈನ್ಸ್ ಮುಂದೆ, ಸಿವಿಲ್ ಹಿಂದೆ. ಆಮೇಲೆ ಸಿ.ಎ., ಬಿ.ಕಾಂ. ಕೊನೆಗೆ ‘ಇತರೆ’. ಇತರೆ ಬರುವ ಹೊತ್ತಿಗೆ ಅರ್ಧ ಸಭಾಂಗಣ ಊಟದ ಸಾಲಿನಲ್ಲಿತ್ತು. ಇವಳ ಹೆಸರು ಕೂಗಿದರು. ಗಣ್ಯರೊಬ್ಬರು ಪ್ರಮಾಣಪತ್ರ ಕೊಡುತ್ತಾ ಅಕ್ಕರೆಯಿಂದ ಕೇಳಿದರು. ಮೈಕು ಆನ್ ಇತ್ತು.

‘ಪಾಪ, ಪಿ.ಯು.ಸಿ.ಲಿ ಸೈನ್ಸ್ ಸಿಗ್ಲಿಲ್ವೇನಮ್ಮಾ?’

ಪ್ರಮಾಣಪತ್ರ ನೋಡಿದೆ. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಅಂತ ಅಚ್ಚು ಹಾಕಿಸಿದ್ದು. ‘ಎಸ್.ಎಸ್.ಎಲ್.ಸಿ.’ ಮೇಲೆ ನೀಲಿ ಪೆನ್ನಲ್ಲಿ ಗೀಟು ಎಳೆದು ‘ಬಿ.ಎ.’ ಅಂತ ಬರೆದಿದ್ದರು. ಅರ್ಥಶಾಸ್ತ್ರಕ್ಕೆ ಜಾಗ ಸಾಲದೆ ‘ಅರ್ಥ’ ಅಂತಷ್ಟೇ ಇತ್ತು.

ಪ್ರಮಾಣಪತ್ರದ ಜೊತೆ ಚೆಕ್ಕು. ಅಂಗೈಯಗಲದ ಚೆಕ್ಕಲ್ಲ. ನಾಲ್ಕಡಿ ಉದ್ದದ ಥರ್ಮಕೋಲ್ ಚೆಕ್ಕು, ಅಡ್ಡಕ್ಕೆ ಸಂಘದ ಹೆಸರು, ಮೂಲೆಯಲ್ಲಿ ಅಧ್ಯಕ್ಷರ ಫೋಟೋ, ಮಧ್ಯದಲ್ಲಿ ‘ಒಂದು ಸಾವಿರದ ಒಂದು ರೂಪಾಯಿ ಮಾತ್ರ’. ಅದನ್ನು ಹಿಡಿಯೋಕೆ ಆರು ಜನ ಗಣ್ಯರು ಬಂದರು. ಫೋಟೋದಲ್ಲಿ ಹುಡುಗಿಯ ಹಣೆ ಮಾತ್ರ ಕಾಣುತ್ತದೆ. ನಿಜವಾದ ದುಡ್ಡು ಯಾವಾಗ ಅಂತ ಕೇಳಿದ್ದಕ್ಕೆ ಕಾರ್ಯದರ್ಶಿಗಳು ಒಂದು ಫಾರಂ ಕೊಟ್ಟರು. ಆಧಾರ್ ನಕಲು, ಪಾಸ್‌ಬುಕ್ ನಕಲು, ಆದಾಯ ಪ್ರಮಾಣಪತ್ರ ಕೊಟ್ಟರೆ ಹದಿನೈದು ದಿನದಲ್ಲಿ ಹಾಕ್ತೀವಿ ಸಾರ್ ಅಂದರು. ಚೆಕ್ಕನ್ನು ಅಲ್ಲೇ ಬಿಟ್ಟು ಬರೋಣ ಅಂದರೆ ಬಿಡಲಿಲ್ಲ. ಅದು ನಮ್ಮದೇ ಅಂತೆ.

ವಿಜಯನಗರದಲ್ಲಿ ಉಲ್ಲಾಳದ ಬಸ್ ಹತ್ತಿದೆವು. ಹುಡುಗಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. ನನಗೊಂದು ಟಿಕೆಟ್. ಕಂಡಕ್ಟರ್ ಚೆಕ್ಕನ್ನು ಮೇಲಿಂದ ಕೆಳಗೆ ನೋಡಿದರು.

‘ಇದಕ್ಕೆ ಲಗೇಜ್ ಟಿಕೆಟ್ ತಗೋಬೇಕು ಸಾರ್.’

‘ಚೆಕ್ಕಿಗೆ ಟಿಕೆಟ್ಟಾ?’

‘ಚೆಕ್ಕೋ ಗಿಕ್ಕೋ ನಂಗೊತ್ತಿಲ್ಲ ಸಾರ್, ಒಬ್ಬರು ನಿಂತ್ಕೊಳ್ಳೋ ಜಾಗ ಹಿಡೀತದೆ.’

ಅವರು ಹೇಳಿದ್ದು ಸರಿಯಾಗೇ ಇತ್ತು. ಟಿಕೆಟ್ ತಗೊಂಡೆ. ಹುಡುಗಿ 1,001ರಲ್ಲಿ ಅದನ್ನು ಕಳೆದು ಬರೆದುಕೊಂಡಳು.

ಆದಾಯ ಪ್ರಮಾಣಪತ್ರದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಇನ್ನೊಂದು ವಿದ್ಯಾರ್ಥಿವೇತನಕ್ಕೆ ಅಂತ ಸೈಬರ್ ಸೆಂಟರಿಗೆ ಹೋಗಿದ್ದೆವು. ಅಲ್ಲಿನ ಹುಡುಗ ಕಣ್ಣೆತ್ತದೆ ಕೇಳಿದ, ‘ಯಾವ ಸ್ಕಾಲರ್‌ಶಿಪ್ಪು ಸಾರ್? ಆದಾಯ ಎಷ್ಟು ಹಾಕ್ಲಿ?’ ಸಂಪಾದನೆ ಎಷ್ಟು ಅನ್ನೋದನ್ನು ಸಂಬಳ ತೀರ್ಮಾನಿಸುತ್ತದೆ ಅಂದುಕೊಂಡಿದ್ದ ನನಗೆ ಅವತ್ತು ಜ್ಞಾನೋದಯ ಆಯಿತು. ನಮ್ಮದೇ ನಿಜವಾದ ಲೆಕ್ಕ ಕೊಟ್ಟೆವು. ಆದರೂ ಅರ್ಜಿ ವಾಪಸ್ ಬಂತು. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಎರಡು ಇನಿಷಿಯಲ್ ಇದೆ. ಆಧಾರ್‌ನಲ್ಲಿ ಅದೇ ಎರಡು ಅಕ್ಷರ ಬಿಡಿಸಿಕೊಂಡು ಊರಿನ ಹೆಸರು, ಅಪ್ಪನ ಹೆಸರು ಆಗಿದೆ. ಕಂಪ್ಯೂಟರಿನ ಪ್ರಕಾರ ಇವರು ಇಬ್ಬರು ಹುಡುಗಿಯರು. ಒಬ್ಬಳು ಬಡವಿ, ಇನ್ನೊಬ್ಬಳು ಜಾಣೆ. ಇಬ್ಬರನ್ನೂ ಒಬ್ಬಳನ್ನಾಗಿ ಮಾಡೋಕೆ ಆರು ಸಲ ಓಡಾಡಿದಳು. ಬಸ್ಸು ಪುಕ್ಕಟೆ ಇದ್ದಿದ್ದಕ್ಕೆ ಸರಿಹೋಯಿತು. ಸರ್ಕಾರದ ಒಂದು ಯೋಜನೆಯ ಬಾಗಿಲು ತಟ್ಟೋಕೆ ಇನ್ನೊಂದು ಯೋಜನೆ ಬಸ್ ಚಾರ್ಜ್ ಕೊಟ್ಟಿತು.

ಇನ್ನು ಸಿಕ್ಕರೂ ಎಷ್ಟು? ಪಿ.ಯು.ಸಿ.ಯಲ್ಲಿ ಒಳ್ಳೆ ಅಂಕ ತೆಗೆದ, ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ದಾಟದ ಡಿಗ್ರಿ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಒಂದಿದೆ. ವರ್ಷಕ್ಕೆ 12,000 ರೂಪಾಯಿ. ದಿನಕ್ಕೆ 33 ಬಿತ್ತು. ಬೆಂಗಳೂರಿನಲ್ಲಿ 2025ರ ಆಗಸ್ಟ್‌ನಿಂದ ಆಟೋ ಮೀಟರ್ ಶುರುವಾಗೋದೇ 36ಕ್ಕೆ. ಅದೂ ಮೀಟರ್ ಹಾಕಿದರೆ.

ಬಸ್ಸು ಜ್ಞಾನಭಾರತಿ ಹತ್ತಿರ ಬಂತು. ಈ ಕಡೆಯೇ ಅಂಬೇಡ್ಕರ್ ಹೆಸರಿನ ಸ್ಕೂಲ್ ಆಫ್ ಎಕನಾಮಿಕ್ಸ್ ಇರುವುದು, 2017ರಲ್ಲಿ ಶುರುವಾಗಿದ್ದು. ಡಿಗ್ರಿ ಆದಮೇಲೆ ಅಲ್ಲಿ ಎಂ.ಎಸ್ಸಿ. ಮಾಡಬೇಕು ಅಂತ ಇವಳಿಗೆ ಆಸೆ. ಕಿಟಕಿಯಲ್ಲಿ ನೋಡೋಕೆ ಹೋದಳು, ಚೆಕ್ಕು ಅಡ್ಡ ಬಂತು. ಬಾಬಾಸಾಹೇಬರು ಮುಂಬಯಿಯಲ್ಲಿ ಬಿ.ಎ. ಓದಿದ್ದು ಅರ್ಥಶಾಸ್ತ್ರ, ರಾಜ್ಯಶಾಸ್ತ್ರವನ್ನೇ. ಬರೋಡಾದ ಮಹಾರಾಜ ಸಯಾಜಿರಾವ್ ಆಗ ತಿಂಗಳಿಗೆ 25 ರೂಪಾಯಿ ಕೊಡುತ್ತಿದ್ದರು. 1913ರಲ್ಲಿ ಅಮೆರಿಕಕ್ಕೆ ಹೋಗುವಾಗ ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಓದು ಸಾಗೋಕೆ ಎಷ್ಟು ಬೇಕು ಅಂತ ನೋಡಿ ಕೊಟ್ಟ ದುಡ್ಡು ಅದು. ಫೋಟೋಗೆ ಎಷ್ಟುದ್ದ ಬೇಕು ಅಂತ ನೋಡಿ ಕೊಟ್ಟಿದ್ದಲ್ಲ. ಅರ್ಥಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ ಆಡಂ ಸ್ಮಿತ್ ಕೂಡ 1740ರಲ್ಲಿ ಆಕ್ಸ್‌ಫರ್ಡ್‌ಗೆ ಹೋಗಿದ್ದು ಸ್ನೆಲ್ ವಿದ್ಯಾರ್ಥಿವೇತನದ ಮೇಲೆ, ವರ್ಷಕ್ಕೆ 40 ಪೌಂಡ್. ಅಲ್ಲಿನ ಮೇಷ್ಟ್ರುಗಳು ಪಾಠ ಮಾಡುವ ನಾಟಕವನ್ನೂ ಬಿಟ್ಟುಬಿಟ್ಟಿದ್ದಾರೆ ಅಂತ ಆಮೇಲೆ ಬರೆದ. ಕೃತಜ್ಞತೆ ಇಲ್ಲದ ಹುಡುಗ. ನಮ್ಮ ಸಂಘದಲ್ಲಾಗಿದ್ದರೆ ಮುಂದಿನ ವರ್ಷ ಕರೆಯುತ್ತಿರಲಿಲ್ಲ.

‘ನಿಂದು ಆನರ್ಸಾ?’ ಅಂತ ಪಕ್ಕದ ಸೀಟಿನ ಅಜ್ಜ ಕೇಳಿದರು. ಅವರ ಅಣ್ಣ ಹಿಂದೆ ಮೈಸೂರಲ್ಲಿ ಬಿ.ಎ. ಆನರ್ಸ್ ಅಂತೆ. ಇದಕ್ಕೆ ಉತ್ತರ ಹೇಳೋದು ಸ್ವಲ್ಪ ಕಷ್ಟ. ಆನರ್ಸ್ ನಮ್ಮ ರಾಜ್ಯಕ್ಕೆ ಹೊಸ ಶಿಕ್ಷಣ ನೀತಿಯ ಜೊತೆ 2021ರಲ್ಲಿ ಮತ್ತೆ ಬಂತು, ನಾಲ್ಕು ವರ್ಷದ ಕೋರ್ಸಾಗಿ. 2024ರಲ್ಲಿ ಡಿಗ್ರಿ ಮತ್ತೆ ಮೂರು ವರ್ಷಕ್ಕಿಳಿಯಿತು. ಮೂರೇ ಸಾಕು ಅಂದ ರಾಜ್ಯ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷರು ಸುಖದೇವ್ ಥೋರಟ್, ಅವರೂ ಅರ್ಥಶಾಸ್ತ್ರಜ್ಞರೇ. ಇವಳ ಸೀನಿಯರ್ ಆನರ್ಸ್‌ಗೆ ಸೇರಿದ್ದಳು, ಇವಳು ಬರೀ ಬಿ.ಎ. ಇಬ್ಬರೂ ಒಂದೇ ಲೈಬ್ರರಿಯಲ್ಲಿ, ಒಂದೇ ಫ್ಯಾನಿನ ಕೆಳಗೆ ಓದಿದವರು.

‘ಇಲ್ಲ ತಾತ, ಆನರ್ಸ್ ತೆಗೆದುಬಿಟ್ಟಿದ್ದಾರೆ’ ಅಂದಳು.

‘ಅಯ್ಯೋ, ಮತ್ತೆ ಇದೇನು ಇಷ್ಟು ದೊಡ್ಡದು?’ ಅಂತ ತಾತ ಚೆಕ್ಕನ್ನು ಬೆರಳಲ್ಲಿ ತಟ್ಟಿ ನೋಡಿದರು. ಡಬ್ ಡಬ್ ಅಂತ ಸದ್ದು ಬಂತು.

ಹದಿನೈದು ದಿನ ಅಂದಿದ್ದರು. ಇವತ್ತಿಗೆ ನಲವತ್ತೊಂದು. ಹೋದ ವಾರ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ಹೆಸರಲ್ಲಿ ಏನೋ ವ್ಯತ್ಯಾಸ ಇದೆ ಸಾರ್ ಅಂದರು. ಚೆಕ್ಕು ನಮ್ಮ ಬಾಲ್ಕನಿಯಲ್ಲಿದೆ. ಪಾರಿವಾಳಗಳ ಕಾಟ ತಡೆಯಲಿ ಅಂತ ಗ್ರಿಲ್ಲಿಗೆ ಕಟ್ಟಿದ್ದೆ. ಮೊನ್ನೆ ನೋಡಿದರೆ ಅದರ ಹಿಂದೆಯೇ ಗೂಡು ಕಟ್ಟಿ, ಎರಡು ಮೊಟ್ಟೆ ಇಟ್ಟಿವೆ. ಅಧ್ಯಕ್ಷರ ಫೋಟೋ ಇರುವ ಮೂಲೆಯಲ್ಲಿ.