ತುಮಕೂರಿಗೆ ಗೇ, ಲೆಸ್ಬಿಯನ್ ಆಟಗಾರರದ್ದೇ ಒಂದು ಟೆನಿಸ್ ಕ್ಲಬ್ ಬೇಕೇ?

ಪರ: ಬೇಕು, ನಾಲ್ಕು ಜನ ಸಿಕ್ಕರೂ ಶುರುಮಾಡೋಣ

ಟೆನಿಸ್ ಆಟ ಗೆರೆಯೊಳಗೇ ಮುಗಿಯುವುದಿಲ್ಲ. ಡಬಲ್ಸ್ ಆಡಿದ ನಾಲ್ಕು ಜನ ಆಮೇಲೆ ಬೆಂಚಿನ ಮೇಲೆ ಕೂರುತ್ತಾರೆ. ಬೆವರು ಒರೆಸಿಕೊಳ್ಳುತ್ತಾ ಮಾತು ಶುರುವಾಗುತ್ತದೆ. "ಮದುವೆ ಯಾವಾಗಪ್ಪಾ?" "ಮನೇಲಿ ಹುಡುಗಿ ನೋಡ್ತಿದ್ದಾರಾ?" ಕೇಳಿದವರು ಸುಮ್ನೆ ಕೇಳಿರುತ್ತಾರೆ. ಆದರೆ ಗೇ ಹುಡುಗ ಅಲ್ಲೊಂದು ಸುಳ್ಳು ಹೇಳಬೇಕು. ನಾಳೆ ಅದನ್ನು ನೆನಪಿಟ್ಟುಕೊಂಡು ಬರಬೇಕು. ಸ್ವಲ್ಪ ದಿನ ಕಳೆದ ಮೇಲೆ ಅವನು ಬೆಂಚಿನ ಮೇಲೆ ಕೂರುವುದನ್ನು ಬಿಡುತ್ತಾನೆ. ಆಮೇಲೆ ಆಟವನ್ನೇ ಬಿಡುತ್ತಾನೆ. ಹೀಗೆ ರಾಕೆಟ್ ಮೂಲೆಗಿಟ್ಟ ಒಳ್ಳೊಳ್ಳೆಯ ಆಟಗಾರರನ್ನು ನಾನು ಬಲ್ಲೆ. ನನಗೆ ಅದು ಇವತ್ತಿಗೂ ಸಂಕಟ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು, ಒಂದೇ ಲಿಂಗದ ವಯಸ್ಕರಿಬ್ಬರು ಒಪ್ಪಿ ಇಟ್ಟುಕೊಂಡ ಸಂಬಂಧ ಅಪರಾಧವಲ್ಲ ಎಂದರು. ಅದನ್ನು ಅಪರಾಧ ಎನ್ನುತ್ತಿದ್ದ 377ನೇ ಸೆಕ್ಷನ್ನಿನ ಭಯ ಹೋಯಿತು. ಬೆಂಚಿನ ಮೇಲಿನ ಮಾತು ಮಾತ್ರ ಹಾಗೇ ಇದೆ. ನಕ್ಕು ಆಡಿಕೊಳ್ಳುವುದೂ ಇದೆ. ಕ್ರೀಡೆಯಲ್ಲಿ ಎಲ್ಲರೂ ಸಮಾನರು ಎನ್ನುವವರು ಒಂದು ವಿಷಯ ಗಮನಿಸಬೇಕು. ಬ್ರೆಜಿಲ್‌ನ ಟೆನಿಸ್ ಆಟಗಾರ ಜೊವಾವ್ ಲೂಕಸ್ ರೇಸ್ ಡ ಸಿಲ್ವ ತನ್ನ ಗೆಳೆಯನ ಜೊತೆಗಿನ ಫೋಟೋ ಹಾಕಿದ್ದು 2024ರ ಡಿಸೆಂಬರ್‌ನಲ್ಲಿ. ಆಗ ಗಂಡಸರ ವೃತ್ತಿಪರ ಟೆನಿಸ್‌ನಲ್ಲಿ ಆಡುತ್ತಿದ್ದವರ ಪೈಕಿ, ತಾನು ಗೇ ಎಂದು ಎಲ್ಲರಿಗೂ ಹೇಳಿಕೊಂಡವರು ಬೇರೆ ಯಾರೂ ಇರಲಿಲ್ಲ. ಅಷ್ಟು ದುಡ್ಡು, ಹೆಸರು ಇರುವ ಕಡೆಯೇ ಹೀಗಾದರೆ ನಮ್ಮ ಊರಿನ ಹುಡುಗ ಬಾಯಿ ಬಿಡುವುದು ಹೇಗೆ?

ಈಗ ತುಮಕೂರಿನಲ್ಲಿ ನಮ್ಮಂಥವರು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವುದು ಹೆಚ್ಚಾಗಿ ಮೊಬೈಲ್ ಆ್ಯಪ್‌ಗಳಲ್ಲಿ. ಅಲ್ಲಿ ಯಾರದೋ ಫೋಟೋ ಹಾಕಿ, ಕರೆಸಿಕೊಂಡು, ವಿಡಿಯೋ ಮಾಡಿ ಹಣ ಕೀಳುವವರೂ ಇದ್ದಾರೆ. ದೂರು ಕೊಟ್ಟರೆ ಮನೆಗೆ ತಿಳಿದುಬಿಡುತ್ತದೆ ಎಂದು ಎಷ್ಟೋ ಜನ ದುಡ್ಡು ಕೊಟ್ಟು ಬಾಯಿ ಮುಚ್ಚಿಕೊಳ್ಳುತ್ತಾರೆ. ಟೆನಿಸ್ ಕೋರ್ಟಿನಲ್ಲಿ ಭೇಟಿ ಹಾಗಲ್ಲ. ಬೆಳಕು ಇರುತ್ತದೆ, ಅಕ್ಕಪಕ್ಕ ಜನ ಇರುತ್ತಾರೆ. ಕ್ಲಬ್ ಆಟದಲ್ಲಿ ಅಂಪೈರ್ ಇರುವುದಿಲ್ಲ. ನಮ್ಮ ಕಡೆ ಬಿದ್ದ ಬಾಲು ಒಳಗೋ ಹೊರಗೋ ಎಂದು ನಾವೇ ಹೇಳಬೇಕು. ಎರಡು ಸೆಟ್ ಆಡುವಷ್ಟರಲ್ಲಿ ಎದುರಿಗಿರುವ ಮನುಷ್ಯ ಎಂಥವನು ಎಂದು ಗೊತ್ತಾಗಿಬಿಡುತ್ತದೆ.

ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಸಂಜೆ ಮನೆಯಿಂದ ಹೊರಡಬೇಕು ಎಂದರೆ ಅವರು ಕಾರಣ ಕೊಡಬೇಕು. "ಅಮ್ಮ, ಟೆನಿಸ್ ಆಡೋಕೆ ಹೋಗಿ ಬರ್ತೀನಿ" ಎಂದರೆ ಅದು ನಿಜವೇ. ಸುಳ್ಳು ಹೇಳದೆ ತನ್ನಂಥವರ ಜೊತೆ ಒಂದು ಗಂಟೆ ಕಳೆಯುವುದು ಎಷ್ಟು ದೊಡ್ಡ ನಿರಾಳ ಎಂದು ಅನುಭವಿಸಿದವರೇ ಬಲ್ಲರು.

ಇಂಥ ಕ್ಲಬ್ ಹೊಸದೇನೂ ಅಲ್ಲ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಡೆಕಥ್ಲಾನ್ ಆಡಿದ್ದ ಟಾಮ್ ವಾಡೆಲ್ ಮುಂದೆ ನಿಂತು 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಗೇ ಗೇಮ್ಸ್ ಕ್ರೀಡಾಕೂಟ ನಡೆಸಿದರು. 1991ರಲ್ಲಿ ಗೇ ಅಂಡ್ ಲೆಸ್ಬಿಯನ್ ಟೆನಿಸ್ ಅಲಯನ್ಸ್ ಶುರುವಾಯಿತು. ಬೇರೆ ಬೇರೆ ದೇಶಗಳ ಕ್ಲಬ್ಬುಗಳು ಅದರಡಿ ಟೂರ್ನಿ ನಡೆಸುತ್ತವೆ. ಓಪನ್, ಎ, ಬಿ, ಸಿ, ಡಿ ಎಂದು ಆಟದ ಮಟ್ಟ ನೋಡಿ ಗುಂಪು ಮಾಡುತ್ತಾರೆ. ನನಗೆ ಬಹಳ ಇಷ್ಟವಾದದ್ದು ಹೊಸಬರು ಆಡುವ ಈ ಡಿ ಗುಂಪು. ಸ್ಕೂಲಿನಲ್ಲಿ ಪಿ.ಟಿ. ಪೀರಿಯಡ್ ಎಂದರೆ ಅವಮಾನ ಎಂದು ದೂರ ಉಳಿದ ಹುಡುಗ ಮೂವತ್ತೈದರಲ್ಲಿ ಮೊದಲ ಸಲ ರಾಕೆಟ್ ಹಿಡಿದರೂ ಅವನಿಗೊಬ್ಬ ಸರಿಜೋಡಿ ಎದುರಾಳಿ ಸಿಗುತ್ತಾನೆ.

ಜಾಗ ಕೊಳ್ಳಬೇಕಿಲ್ಲ, ಕಟ್ಟಡವೂ ಬೇಡ. ಗಂಟೆ ಲೆಕ್ಕದಲ್ಲಿ ಕೋರ್ಟ್ ಬಾಡಿಗೆಗೆ ಹಿಡಿದು, ಬಾಲಿನ ಖರ್ಚು ಹಂಚಿಕೊಂಡರೆ ಸಾಕು. ಗೇ ಅಲ್ಲದವರು ಬಂದರೂ ಸಂತೋಷ. ಬೆಂಗಳೂರಿಗೇ ಹೋಗಬಾರದಾ ಎಂದು ಕೆಲವರು ಕೇಳುತ್ತಾರೆ. ಸುಮಾರು 70 ಕಿಲೋಮೀಟರ್ ದಾರಿ. ಕೆಲಸ ಮುಗಿಸಿ ರೈಲು ಹಿಡಿದು, ಆಡಿ, ರಾತ್ರಿ ವಾಪಸ್ ಬರುವುದು ಎಷ್ಟು ದಿನ ನಡೆದೀತು? ಬೆಂಗಳೂರಿನಲ್ಲಿ ಒಬ್ಬ, ತುಮಕೂರಿನಲ್ಲಿ ಇನ್ನೊಬ್ಬ ಆಗಿ ಬದುಕಿ ಸಾಕಾಗಿದೆ. ನನ್ನ ಊರಿನಲ್ಲೇ ನಾನಾಗಿ ಆಡಬೇಕು.

ವಿರೋಧ: ಬೇಡ, ಇರುವ ಕ್ಲಬ್ಬುಗಳು ಬದಲಾಗಲಿ

ನಾನು ಲೆಸ್ಬಿಯನ್. ತುಮಕೂರಿನವಳು. ಇಲ್ಲಿಯ ಸಾಮಾನ್ಯ ಕ್ಲಬ್ಬಿನಲ್ಲೇ ಆಡುತ್ತೇನೆ. ಮೇಲೆ ಬರೆದ ನೋವೆಲ್ಲ ನನ್ನದೂ ಹೌದು. ಆದರೂ ಪ್ರತ್ಯೇಕ ಕ್ಲಬ್ ಬೇಡ ಎನ್ನುತ್ತೇನೆ.

ಮೊದಲ ಕಾರಣ ಭಯ. ಅದನ್ನು ಮುಚ್ಚಿಡುವುದಿಲ್ಲ. ಟೆನಿಸ್ ಕೋರ್ಟಿಗೆ ಇರುವುದು ತಂತಿ ಬೇಲಿ. ಒಳಗೆ ಯಾರು ಆಡುತ್ತಿದ್ದಾರೆ ಎಂದು ದಾರಿಹೋಕರಿಗೆಲ್ಲ ಕಾಣುತ್ತದೆ. ಬೆಂಗಳೂರಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಬಿ.ಎಚ್. ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಅತ್ತೆಯೋ ದೊಡ್ಡಪ್ಪನೋ ಸಿಗುತ್ತಾರೆ. ಕ್ಲಬ್ಬಿಗೆ ಎಂಥ ಹೆಸರಿಟ್ಟರೂ ಅದು ಯಾರದು ಎನ್ನುವುದು ಬೇಗ ಹರಡುತ್ತದೆ. ವಾಟ್ಸಾಪ್ ಗುಂಪಿನ ಒಂದು ಸ್ಕ್ರೀನ್‌ಶಾಟ್ ಸಾಕು. ಆಮೇಲೆ ಆ ಗೇಟಿನೊಳಗೆ ಕಾಲಿಟ್ಟ ಪ್ರತಿಯೊಬ್ಬರ ಗುಟ್ಟೂ ಬೇರೆಯವರ ಬಾಯಲ್ಲಿ ಇರುತ್ತದೆ. ಯಾರಿಗೆ, ಯಾವಾಗ ಹೇಳಬೇಕು ಎನ್ನುವುದು ಅವರವರ ಹಕ್ಕು, ಅಲ್ವಾ?

1981ರಲ್ಲಿ ಅಮೆರಿಕದ ಟೆನಿಸ್ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್‌ಗೆ ಹೆಣ್ಣೊಬ್ಬಳ ಜೊತೆ ಸಂಬಂಧವಿತ್ತು ಎನ್ನುವುದು ಬಯಲಾದದ್ದು ಅವರ ಇಷ್ಟದಿಂದಲ್ಲ, ಒಂದು ಕೋರ್ಟ್ ಕೇಸಿನಿಂದ. ಜಗತ್ತೇ ಗುರುತಿಸುವ ಚಾಂಪಿಯನ್ ಅವರು. ಆದರೂ ಜಾಹೀರಾತು ಒಪ್ಪಂದಗಳೆಲ್ಲ ಕೈತಪ್ಪಿದವು. ನಮ್ಮಲ್ಲಿ ಖಾಸಗಿ ಸ್ಕೂಲಿನಲ್ಲಿ ಪಾಠ ಹೇಳುವ, ಬಾಡಿಗೆ ಮನೆಯಲ್ಲಿರುವ ಹುಡುಗಿಯ ಗತಿ ಏನಾಗಬೇಡ? ಆ ಕಾರಣಕ್ಕೆ ಮನೆ ಕೊಡುವುದಿಲ್ಲ ಎಂದರೆ ಕೇಳಲು ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿ ಇಲ್ಲ. 2018ರ ತೀರ್ಪು ಜೈಲಿನ ಭಯ ತೆಗೆಯಿತು, ಅಷ್ಟೇ. ಮದುವೆಯ ಹಕ್ಕನ್ನೂ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಕೊಡಲಿಲ್ಲ.

ಇನ್ನೊಂದು ಮಾತು. ನಾಲ್ಕು ಜನ ಸಾಕು ಎನ್ನುತ್ತಾರೆ. ಆ ನಾಲ್ವರಲ್ಲಿ ಹೆಂಗಸರು ಎಷ್ಟು ಜನ? ನಾನೊಬ್ಬಳೇ ಆದರೆ ಅಲ್ಲೂ ನಾನು ಒಂಟಿಯೇ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಬೇರೆ. ಪ್ರತ್ಯೇಕ ಕ್ಲಬ್ ಬಂದ ದಿನವೇ ಉಳಿದ ಕ್ಲಬ್ಬುಗಳಿಗೆ ಒಂದು ನೆಪ ಸಿಗುತ್ತದೆ. "ನಿಮ್ಮದೇ ಕ್ಲಬ್ ಇದೆಯಲ್ಲ, ಅಲ್ಲಿಗೇ ಹೋಗಿ." 1999ರಲ್ಲಿ ಆಸ್ಟ್ರೇಲಿಯನ್ ಓಪನ್ ಫೈನಲ್ ತಲುಪಿದಾಗ ಅಮೆಲಿ ಮೌರೆಸ್ಮೊ ತಾನು ಲೆಸ್ಬಿಯನ್ ಎಂದು ಹೇಳಿಕೊಂಡರು. ಆಗ ಅವರಿಗೆ 19 ವರ್ಷ. ಅವರ ಮೈಕಟ್ಟನ್ನೇ ಜನ ಆಡಿಕೊಂಡರು. ಅವರು ಅದೇ ಟೂರ್ನಿಗಳಲ್ಲಿ, ಅದೇ ಆಟಗಾರ್ತಿಯರ ಎದುರು ಆಡುತ್ತಲೇ ಹೋದರು. 2004ರಲ್ಲಿ ವಿಶ್ವದ ನಂಬರ್ ಒನ್ ಆದರು. 2006ರಲ್ಲಿ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಎರಡೂ ಗೆದ್ದರು. 2021ರ ಡಿಸೆಂಬರ್‌ನಲ್ಲಿ ಫ್ರೆಂಚ್ ಓಪನ್ ಟೂರ್ನಿಯ ನಿರ್ದೇಶಕಿಯಾದರು. ನನಗೆ ಬೇಕಾಗಿರುವುದು ಈ ದಾರಿ. ಆಟದ ದೃಷ್ಟಿಯಿಂದಲೂ ಇದೇ ಸರಿ. ನಮಗಿಂತ ಚೆನ್ನಾಗಿ ಆಡುವವರ ಸರ್ವ್ ಎದುರಿಸಿದರೆ ತಾನೇ ನಮ್ಮ ಆಟ ಬೆಳೆಯುವುದು.

ಕ್ಲಬ್ಬಿನ ಬೈಲಾದಲ್ಲಿ ಫ್ಯಾಮಿಲಿ ಮೆಂಬರ್‌ಶಿಪ್ ಎಂದರೆ ಗಂಡ, ಹೆಂಡತಿ, ಮಕ್ಕಳು ಎಂದಿರುತ್ತದೆ. ಅಲ್ಲಿ "ಸದಸ್ಯರು ಸೂಚಿಸುವ ಒಬ್ಬ ವಯಸ್ಕ ವ್ಯಕ್ತಿ" ಎಂದು ಸೇರಿಸಿದರೆ ನನ್ನ ಸಂಗಾತಿಯೂ ಬರಬಹುದು, ವಿಧವೆ ಅಕ್ಕನನ್ನು ಕರೆತರುವವರಿಗೂ ಅನುಕೂಲ. ಎರಡನೆಯದಾಗಿ, ಯಾರ ನಡೆ, ದನಿ, ಮದುವೆಯ ಬಗ್ಗೆಯೂ ಹೀಯಾಳಿಸಿ ಮಾತಾಡಿದರೆ, ಕೋಚ್ ಆದರೂ ಸರಿ, ಕಮಿಟಿ ಕ್ರಮ ತೆಗೆದುಕೊಳ್ಳಬೇಕು. ಈ ಎರಡು ನಿಯಮ ತರಲು ಯಾರೂ ತಮ್ಮ ಬಗ್ಗೆ ಏನನ್ನೂ ಹೇಳಿಕೊಳ್ಳಬೇಕಿಲ್ಲ. ಬಾಯಿ ಬಿಡದೆ ಮೂಲೆಯಲ್ಲಿ ಕೂತ ಹುಡುಗನಿಗೂ ಅವು ಅನ್ವಯಿಸುತ್ತವೆ. ಕರಡು ಬರೆದಿದ್ದೇನೆ. ಜೊತೆಗೆ ಆಡುವ ಕೆಲವರು ಸಹಿ ಹಾಕಿದ್ದಾರೆ. ಮುಂದಿನ ವಾರ್ಷಿಕ ಸಭೆಯಲ್ಲಿ ಅದನ್ನು ಇಡುತ್ತೇವೆ.