ತಂಬಾಕು ಅಂಗಡಿಗಳ ಲೆಕ್ಕ ಇಟ್ಟವರು ಯಾರು?

ರಾಜ್ಯದಲ್ಲಿ ಮದ್ಯದಂಗಡಿಗಳು ಎಷ್ಟಿವೆ ಎಂದು ಕೇಳಿದರೆ ಅಬಕಾರಿ ಇಲಾಖೆಯ ಬಳಿ ಪಟ್ಟಿ ಇದೆ. ಸಿಗರೇಟು, ಜರ್ದಾ ಮಾರುವ ಅಂಗಡಿಗಳ ಲೆಕ್ಕ ಕೇಳಿ ನೋಡಿ, ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ.

ಕಾನೂನಿಗೇನೂ ಬರವಿಲ್ಲ. ಶಾಲೆಯಿಂದ ನೂರು ಗಜದೊಳಗೆ ಮಾರಕೂಡದೆಂದು 2003ರ ಕೇಂದ್ರ ಕಾಯ್ದೆಯೇ ಹೇಳಿದೆ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ, 21 ತುಂಬದವರಿಗೆ ಮಾರುವುದನ್ನೂ, ಸಿಗರೇಟನ್ನು ಬಿಡಿಬಿಡಿಯಾಗಿ ಮಾರುವುದನ್ನೂ ನಿಷೇಧಿಸಿದೆ. ಈಗ ಯಾವುದಾದರೂ ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಿ. ಪ್ಯಾಕು ಒಡೆದು ಒಂದೊಂದೇ ಕೊಡುತ್ತಿರುತ್ತಾರೆ. ಹಚ್ಚಿಕೊಳ್ಳಲು ಲೈಟರು ದಾರದಲ್ಲಿ ನೇತಾಡುತ್ತಿರುತ್ತದೆ. ಪೆಪ್ಪರ್‌ಮಿಂಟ್ ಡಬ್ಬಿ ಮಗುವಿನ ಕಣ್ಣಿನ ಎತ್ತರಕ್ಕೆ, ಅದರ ಮೇಲೆ ತೋರಣದ ಹಾಗೆ ಪಾನ್ ಮಸಾಲಾ ಸರ. 2013ರಲ್ಲಿ ಗುಟ್ಕಾ ನಿಷೇಧಿಸಿದಾಗ ಮಸಾಲಾ ಒಂದು ಪೊಟ್ಟಣವಾಯಿತು, ತಂಬಾಕು ಇನ್ನೊಂದಾಯಿತು. ಬೆರೆಸಿಕೊಳ್ಳುವ ಕಷ್ಟವಷ್ಟೇ ಗಿರಾಕಿಗೆ. ಆ ಜಾಣತನಕ್ಕೆ ಶಹಬ್ಬಾಸ್ ಎನ್ನಲೇಬೇಕು!

ತಂಬಾಕು ಮಾರಲು ಪ್ರತ್ಯೇಕ ಪರವಾನಗಿ ಇರಲಿ, ಆ ಅಂಗಡಿಯಲ್ಲಿ ಚಾಕೊಲೇಟು, ಬಿಸ್ಕತ್ತು ಇರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿತ್ತು. ಅಂಥ ಪರವಾನಗಿಯನ್ನು ನಮ್ಮ ಬೀದಿಯ ಯಾವ ಅಂಗಡಿಯಲ್ಲೂ ನಾನಂತೂ ಕಂಡಿಲ್ಲ.

ಪರವಾನಗಿ ಕೊಟ್ಟು ಅಂಗಡಿಗಳ ಸಂಖ್ಯೆಗೆ ಮಿತಿ ಹಾಕಬೇಕೆಂಬ ಮಾತೆತ್ತಿದ ಕೂಡಲೇ 'ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ' ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಆದರೆ ಇಂದು ಕೂತವರನ್ನು ನಾಳೆ ಎಬ್ಬಿಸಬೇಕೆಂದು ನಾನು ಹೇಳುತ್ತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರ 2014ರಲ್ಲಿ ತನ್ನ ಪ್ರತಿ ಚುನಾವಣಾ ಕ್ಷೇತ್ರಕ್ಕೆ 45 ತಂಬಾಕು ಪರವಾನಗಿಗಳ ಮಿತಿ ಹಾಕಿತು. ಇದ್ದವರು ಉಳಿದರು, ಮಿತಿ ಮೀರಿದ ಕಡೆ ಹೊಸಬರಿಗೆ ಅವಕಾಶ ಸಿಗಲಿಲ್ಲ. ಈ ದಾರಿ ನಿಧಾನದ್ದು, ನನಗೆ ಒಪ್ಪಿಗೆಯಾಗುವುದೂ ಅದಕ್ಕೇ. ಸುಮಾರು ಆರು ಸಾವಿರ ಅಂಗಡಿಗಳನ್ನು ಆರುನೂರಕ್ಕೆ ಇಳಿಸಹೊರಟ ನ್ಯೂಜಿಲೆಂಡಿನ ಕಾನೂನು, ಸರ್ಕಾರ ಬದಲಾದೊಡನೆ 2024ರಲ್ಲಿ ರದ್ದಾಯಿತು. ಒಂದೇ ಏಟಿಗೆ ಮಾಡಹೊರಟದ್ದನ್ನು ಒಂದೇ ಏಟಿಗೆ ಅಳಿಸಿದರು.

ನನ್ನ ಭಯ ಬೇರೆಯೇ ಇದೆ. ಹಂಗೇರಿ 2013ರಲ್ಲಿ ತಂಬಾಕು ಮಾರಾಟವನ್ನು ಸರ್ಕಾರಿ ಪರವಾನಗಿಯ ಕೆಲವೇ ಸಾವಿರ ಅಂಗಡಿಗಳಿಗೆ ಸೀಮಿತಗೊಳಿಸಿದಾಗ, ಅವು ಆಳುವ ಪಕ್ಷದ ಆಪ್ತರ ಪಾಲಾದವೆಂಬ ದೂರು ಎದ್ದಿತು. ಇಲ್ಲಿ ಹಾಗಾಗುವುದಿಲ್ಲ ಎನ್ನಲು ನನಗೆ ಧೈರ್ಯವಿಲ್ಲ. ಆದ್ದರಿಂದ ಯಾರಿಗೆ ಪರವಾನಗಿ ಸಿಕ್ಕಿದೆ, ಅಂಗಡಿ ಶಾಲೆಯಿಂದ ಎಷ್ಟು ದೂರದಲ್ಲಿದೆ ಎಂಬ ವಾರ್ಡುವಾರು ಪಟ್ಟಿಯನ್ನು ಪಂಚಾಯಿತಿ, ನಗರಸಭೆಗಳ ಸೂಚನಾ ಫಲಕದಲ್ಲಿ ಹೆಸರು ಸಮೇತ ಅಂಟಿಸಲಿ. ಅಳತೆಪಟ್ಟಿ ಹಿಡಿದು ಪರೀಕ್ಷಿಸಲು ಪ್ರತಿ ಬೀದಿಯಲ್ಲೂ ಪುರುಸೊತ್ತಿರುವ ನಿವೃತ್ತ ಮೇಷ್ಟ್ರು ಒಬ್ಬರಾದರೂ ಇರುತ್ತಾರೆ.