ವಾಟಾ ಮತ್ತು ಆ ಕಪ್ಪು ಲೆಸ್ ಪಾಲ್

ಜಪಾನಿನ ಬೋರಿಸ್ ಬ್ಯಾಂಡಿನ ಗಿಟಾರಿಸ್ಟ್ ವಾಟಾ ಬಗ್ಗೆ ಮಾತು ಬಂದಾಗಲೆಲ್ಲ ಜನ ಮೊದಲು ಅವರ ಮೈಕಟ್ಟಿನ ವಿಷಯವನ್ನೇ ಎತ್ತುತ್ತಾರೆ. ಇಷ್ಟು ಸಣ್ಣ ಹೆಂಗಸು, ಅಷ್ಟು ಭಾರದ ಗಿಟಾರ್, ಅದು ಹೇಗೆ ಹೊರುತ್ತಾರೋ ಅಂತ. ಹೊಗಳಿಕೆ ಅಂತಲೇ ಹೇಳುತ್ತಾರೆ, ಗೊತ್ತು. ಆದರೂ ಆ ಮಾತು ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಒಬ್ಬ ಕಲಾವಿದೆ ಒಂದೇ ಬ್ಯಾಂಡಿನಲ್ಲಿ ದಶಕಗಟ್ಟಲೆ ನಿಂತು, ಎಲೆಕ್ಟ್ರಿಕ್ ಗಿಟಾರಿನಿಂದ ಇಂಥದ್ದೂ ಒಂದು ದನಿ ತೆಗೆಯಬಹುದು ಅಂತ ಲೋಕಕ್ಕೆ ತೋರಿಸಿದ್ದಾರೆ. ಅವರ ಬಗ್ಗೆ ನಾವು ಕೇಳುವ ಮೊದಲ ಪ್ರಶ್ನೆ ಭುಜ ನೋಯುವುದಿಲ್ಲವಾ ಅಂತಲಾ?

ತೂಕದ ಬಗ್ಗೆ ಮಾತೇ ಬೇಡ ಅನ್ನುತ್ತಿಲ್ಲ. ಮಾತಾಡೋಣ, ಆದರೆ ಸರಿಯಾಗಿ ಮಾತಾಡೋಣ. ಯಾಕೆಂದರೆ ವಾಟಾ ಸಂಗೀತ ಅರ್ಥವಾಗಬೇಕಾದರೆ ಆ ಗಿಟಾರಿನ ಭಾರ ಎಲ್ಲಿಂದ ಬಂತು, ಅದು ಏನು ಕೆಲಸ ಮಾಡುತ್ತದೆ ಅನ್ನುವುದು ತಿಳಿದಿರಬೇಕು.

ಬೋರಿಸ್ ಶುರುವಾದದ್ದು 1992ರಲ್ಲಿ, ಟೋಕಿಯೋದಲ್ಲಿ. ಅಮೆರಿಕದ ಮೆಲ್ವಿನ್ಸ್ ಬ್ಯಾಂಡಿನ ಒಂದು ಹಾಡಿನ ಹೆಸರನ್ನೇ ಇವರು ಇಟ್ಟುಕೊಂಡರು. ತಕೇಶಿ ಬಳಿ ಎರಡು ಕತ್ತಿನ ವಾದ್ಯ, ಒಂದು ಬೇಸ್, ಇನ್ನೊಂದು ಗಿಟಾರ್. ಡ್ರಮ್ಸ್ ಬಹುಕಾಲ ಅಟ್ಸುವೊ ಕೈಯಲ್ಲಿತ್ತು, ಅವರ ಬೆನ್ನ ಹಿಂದೆ ಒಂದು ದೊಡ್ಡ ಜಾಗಟೆ. ಪಕ್ಕದಲ್ಲಿ ವಾಟಾ, ಗಿಬ್ಸನ್ ಕಂಪನಿಯ ಕಪ್ಪು ಲೆಸ್ ಪಾಲ್ ಕಸ್ಟಮ್ ಗಿಟಾರ್ ಹಾಕಿಕೊಂಡು. ಅವರ ಹಿಂದೆ ಆರೆಂಜ್ ಕಂಪನಿಯ ಆಂಪ್ಲಿಫೈಯರುಗಳ ಗೋಡೆ. ಈ ಮೂವರು ಡ್ರೋನ್ (ಒಂದೇ ಸ್ವರವನ್ನು ಬಹಳ ಹೊತ್ತು ಎಳೆಯುವ ಸಂಗೀತ), ಮೆಟಲ್, ಪಂಕ್, ಪಾಪ್, ಶುದ್ಧ ಗದ್ದಲ ಎಲ್ಲವನ್ನೂ ಮಾಡಿದ್ದಾರೆ. ಇವರನ್ನು ಯಾವ ಖಾನೆಗೆ ಹಾಕಬೇಕು ಅನ್ನುವ ಚರ್ಚೆ ನನಗೆ ಬೇಡ. ಸ್ವಂತ ದಾರಿಯಲ್ಲಿ ನಡೆದವರು ಅಂದರೆ ಸಾಕು. 2020ರಲ್ಲಿ ಲೋಕವೆಲ್ಲ ಮನೆಯೊಳಗೆ ಕೂತಿದ್ದಾಗ ಯಾವ ಕಂಪನಿಗೂ ಕಾಯದೆ 'ನೋ' ಅನ್ನುವ ಆಲ್ಬಮನ್ನು ತಾವೇ ಹೊರಗೆ ಬಿಟ್ಟವರು ಇವರು.

ಈಗ ಗಿಟಾರಿಗೆ ಬರುತ್ತೇನೆ. ಲೆಸ್ ಪಾಲ್ ಅನ್ನುವುದು ಮೊದಲು ಒಬ್ಬ ಮನುಷ್ಯನ ಹೆಸರು, ಅಮೆರಿಕದ ಗಿಟಾರ್ ವಾದಕ. 1940ರ ಸುಮಾರಿಗೆ ಆತ ಒಂದು ದಪ್ಪ ಮರದ ತೊಲೆ ತೆಗೆದುಕೊಂಡು ಅದಕ್ಕೆ ತಂತಿ ಕಟ್ಟಿದ. ನೋಡಲು ಗಿಟಾರಿನ ಥರ ಕಾಣಲಿ ಅಂತ ಅಕ್ಕಪಕ್ಕ ಒಂದು ಹಳೆಯ ಗಿಟಾರಿನ ರೆಕ್ಕೆಗಳನ್ನು ಅಂಟಿಸಿದ. ಅದಕ್ಕೆ 'ದ ಲಾಗ್' ಅಂತಲೇ ಹೆಸರಾಯಿತು. ಆತನಿಗೆ ಯಾಕೆ ಬೇಕಿತ್ತು ಈ ತೊಲೆ? ಟೊಳ್ಳು ಹೊಟ್ಟೆಯ ಗಿಟಾರಿಗೆ ಪಿಕಪ್ (ತಂತಿಯ ಮಿಡಿತವನ್ನು ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಸಾಧನ) ಹಾಕಿ ಜೋರಾಗಿ ನುಡಿಸಿದರೆ ಪೆಟ್ಟಿಗೆಯೇ ನಡುಗಿ ಕಿರುಚತೊಡಗುತ್ತದೆ. ತಂತಿಯ ಶಕ್ತಿಯನ್ನು ಪೆಟ್ಟಿಗೆ ಬೇಗ ಬೇಗ ಹೀರಿಕೊಂಡು ಸ್ವರ ಸಾಯುತ್ತದೆ. ಗಟ್ಟಿ ಮರವಾದರೆ ಅಲ್ಲಾಡುವುದು ಕಡಿಮೆ, ತಂತಿ ಜಾಸ್ತಿ ಹೊತ್ತು ಮಿಡಿಯುತ್ತದೆ. ಗಿಬ್ಸನ್ ಮೊದಲು ಆತನನ್ನು ವಾಪಸ್ ಕಳಿಸಿತು. ಆಮೇಲೆ 1952ರಲ್ಲಿ ಅದೇ ಕಂಪನಿ ಆತನ ಹೆಸರಿಟ್ಟು ಗಟ್ಟಿ ಮರದ ಗಿಟಾರನ್ನು ಮಾರುಕಟ್ಟೆಗೆ ತಂದಿತು. 1954ರಲ್ಲಿ ಕಸ್ಟಮ್ ಬಂತು: ಮೈಯೆಲ್ಲ ಕಪ್ಪು, ಚಿನ್ನದ ಬಣ್ಣದ ಲೋಹ, ಬೆರಳು ಓಡುವ ಜಾಗಕ್ಕೆ ಎಬನಿ ಮರದ ಫಿಂಗರ್‌ಬೋರ್ಡ್, ಅಂಚಿಗೆ ಪದರ ಪದರವಾಗಿ ಬಿಳಿ ಕಪ್ಪು ಪಟ್ಟಿ.

ಅಂದರೆ ಸ್ವರ ಸಾಯದೆ ಉಳಿಯಬೇಕು ಅಂತಲೇ ಹುಟ್ಟಿದ ಗಿಟಾರ್ ಇದು, ಅದಕ್ಕಾಗಿಯೇ ಅಷ್ಟು ಮರ. ಮರದ ತೂಕ ನಿಜವಾಗಿಯೂ ಸ್ವರವನ್ನು ಎಷ್ಟು ಉದ್ದ ಮಾಡುತ್ತದೆ ಅನ್ನುವ ಬಗ್ಗೆ ಗಿಟಾರ್ ಮಂದಿ ಇವತ್ತಿಗೂ ಜಗಳ ಆಡುತ್ತಾರೆ, ಅದು ಬೇರೆ ಮಾತು.

ಇಲ್ಲೇ ಒಂದು ವಿಷಯ ಹೇಳಿಬಿಡುತ್ತೇನೆ, ನಮ್ಮ ಮಲೆನಾಡಿನವರಿಗೆ ಖುಷಿಯಾಗಬಹುದು. ಕಸ್ಟಮ್‌ಗೆ ಎಬನಿ ಹಾಕುತ್ತಾರೆ, ಆದರೆ ಲೆಸ್ ಪಾಲ್ ಸ್ಟ್ಯಾಂಡರ್ಡ್ ಮತ್ತು ಇನ್ನೂ ಎಷ್ಟೋ ಗಿಟಾರುಗಳ ಫಿಂಗರ್‌ಬೋರ್ಡಿಗೆ ಹಾಕುವುದು ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಬೀಟೆ. 2017ರಲ್ಲಿ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ನಿಯಮ ಬಂದು ಲೋಕದ ಗಿಟಾರ್ ಕಂಪನಿಗಳೆಲ್ಲ ಕಂಗಾಲಾದವು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ನಮ್ಮ ಘಟ್ಟದ ಮರದ ಮೇಲೆ ಎಲ್ಲೆಲ್ಲಿಯದೋ ಬೆರಳುಗಳು ಓಡುತ್ತಿವೆ ಅನ್ನುವುದು ನನಗೆ ಹೆಮ್ಮೆಯ ಸಂಗತಿ.

ಇರಲಿ. ಲೆಸ್ ಪಾಲ್ ಕಸ್ಟಮ್ ಸಾಮಾನ್ಯವಾಗಿ 4ರಿಂದ 5 ಕಿಲೋ ತೂಗುತ್ತದೆ. 1970ರ ದಶಕದವು ಒಂದೊಂದು ಅದಕ್ಕಿಂತಲೂ ಭಾರ. ಇನ್ನೊಂದು ಹೆಸರಾಂತ ಗಿಟಾರ್ ಫೆಂಡರ್ ಸ್ಟ್ರಾಟೊಕಾಸ್ಟರ್ ಸುಮಾರು 3.5 ಕಿಲೋ. ವ್ಯತ್ಯಾಸ ಒಂದೂವರೆ ಕಿಲೋ ತಾನೇ ಅನ್ನಬೇಡಿ. ಐದು ಕಿಲೋ ಅಕ್ಕಿ ಚೀಲವನ್ನು ಎಡ ಭುಜಕ್ಕೆ ನೇತುಹಾಕಿಕೊಂಡು ಒಂದೂವರೆ ಗಂಟೆ ನಿಂತು ನೋಡಿ, ಅದೂ ಎರಡೂ ಕೈಯಲ್ಲಿ ನಾಜೂಕು ಕೆಲಸ ಮಾಡುತ್ತಾ. ಸ್ಟ್ರಾಟೊಕಾಸ್ಟರಿಗೆ ಪಕ್ಕೆಲುಬು ತಾಗುವ ಕಡೆ ಮರ ಕೆತ್ತಿ ಇಳಿಜಾರು ಮಾಡಿರುತ್ತಾರೆ. ಲೆಸ್ ಪಾಲ್‌ಗೆ ಹಾಗೆ ಮಾಡುವುದಿಲ್ಲ. ಹಿಂಬದಿ ಸಪಾಟು, ಅಂಚು ನೇರವಾಗಿ ಎದೆಗೆ ಒತ್ತುತ್ತದೆ. ಎಲೆಕ್ಟ್ರಿಕ್ ಗಿಟಾರನ್ನು ಮಾಡಿದವರ ಕಣ್ಣ ಮುಂದೆ ಇದ್ದದ್ದು ಗಂಡಸಿನ ಎದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಸೇಂಟ್ ವಿನ್ಸೆಂಟ್ ಅನ್ನುವ ಹೆಸರಿನಲ್ಲಿ ಹಾಡುವ ಆನಿ ಕ್ಲಾರ್ಕ್ 2016ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಜೊತೆ ಸೇರಿ ಹಗುರವಾದ, ಹೆಂಗಸರ ಮೈಗೂ ಒಗ್ಗುವ ಗಿಟಾರ್ ಮಾಡಿಸಿದರು. ಆಗಬೇಕಿದ್ದ ಕೆಲಸ, ಒಳ್ಳೆಯ ಕೆಲಸ.

ವಾಟಾ ಆ ದಾರಿ ಹಿಡಿಯಲಿಲ್ಲ. ಭಾರವಾದದ್ದನ್ನೇ ತೆಗೆದುಕೊಂಡರು, ಅದರಿಂದ ಬರುವ ಸಂಗೀತವನ್ನೇ ತಮ್ಮದು ಮಾಡಿಕೊಂಡರು. ಅವರನ್ನು ನಾನು ಮೆಚ್ಚುವುದು ಇದಕ್ಕೆ.

ವೇದಿಕೆಯ ಮೇಲೆ ವಾಟಾ ಹೆಚ್ಚು ಅಲ್ಲಾಡುವುದೇ ಇಲ್ಲ. ಪಕ್ಕದಲ್ಲಿ ಅಟ್ಸುವೊ ಕೈ ಎತ್ತಿ ಕೂಗುತ್ತಾರೆ, ಜಾಗಟೆ ಬಾರಿಸುತ್ತಾರೆ, ಜನರ ಮೇಲೆ ಹಾರುತ್ತಾರೆ. ವಾಟಾ ಮುಖದಲ್ಲಿ ಒಂದು ಗೆರೆಯೂ ಬದಲಾಗುವುದಿಲ್ಲ. ನಾಚಿಕೆ ಸ್ವಭಾವ ಅಂತ ಕೆಲವರು ಬರೆಯುತ್ತಾರೆ, ಜಪಾನಿ ಹೆಣ್ಣು ಹಾಗೇ ಅಂತ ಇನ್ನು ಕೆಲವರು. ಎರಡೂ ನನಗೆ ಸೋಮಾರಿ ಮಾತಾಗಿ ಕಾಣುತ್ತವೆ. ಅವರು ಮಾಡುತ್ತಿರುವ ಕೆಲಸವನ್ನು ನೋಡಿದರೆ ಕಾರಣ ಅಲ್ಲೇ ಇದೆ.

ಅವರ ಸಂಗೀತದ ಅರ್ಧ ಭಾಗ ಫೀಡ್‌ಬ್ಯಾಕ್. ಗಿಟಾರಿನ ತಂತಿ ಮಿಡಿಯುತ್ತದೆ, ಸ್ಪೀಕರ್ ಅದನ್ನು ನೂರು ಪಟ್ಟು ದೊಡ್ಡದು ಮಾಡಿ ಹೊರಗೆ ಎಸೆಯುತ್ತದೆ, ಆ ಗಾಳಿ ಬಂದು ಮತ್ತೆ ಅದೇ ತಂತಿಯನ್ನು ನಡುಗಿಸುತ್ತದೆ. ಹೀಗೆ ಸುತ್ತು ಶುರುವಾದರೆ ಸ್ವರಕ್ಕೆ ಕೊನೆಯೇ ಇಲ್ಲ. ಆದರೆ ಯಾವ ಸ್ವರ ಎದ್ದು ನಿಲ್ಲುತ್ತದೆ ಅನ್ನುವುದು ನೀವು ಆಂಪ್‌ನಿಂದ ಎಷ್ಟು ದೂರ ನಿಂತಿದ್ದೀರಿ, ಗಿಟಾರ್ ಯಾವ ಕೋನದಲ್ಲಿದೆ, ಯಾವ ತಂತಿಯನ್ನು ಅಂಗೈಯಿಂದ ಅದುಮಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ. ಅರ್ಧ ಹೆಜ್ಜೆ ಸರಿದರೆ ಸ್ವರ ಬೇರೆ ಸ್ವರಕ್ಕೆ ಜಿಗಿಯಬಹುದು. ಭುಜ ತಿರುಗಿಸಿದರೆ ಸತ್ತೇ ಹೋಗಬಹುದು. ಅಷ್ಟು ಜೋರಾದ ಸದ್ದಿನ ಮುಂದೆ ಅಲುಗಾಡದೆ ನಿಲ್ಲುವುದು, ಐದು ಕಿಲೋ ಮರವನ್ನು ಬೆರಳಗಲ ಅಂತರದ ಲೆಕ್ಕದಲ್ಲಿ ತಿರುಗಿಸುವುದು, ಇದು ನುಡಿಸಾಣಿಕೆಯೇ. ಓಡಾಡಿ ಜಿಗಿದಾಡಿದರೆ ಮಾತ್ರ ನುಡಿಸಿದಂತೆ ಅಂತ ನಮಗೆ ಯಾರು ಹೇಳಿದರು?

ಇದರ ಜೊತೆ ಅವರು ಈಬೋ ಅನ್ನುವ ಸಣ್ಣ ಸಾಧನವನ್ನೂ ಬಳಸುತ್ತಾರೆ. ಒಂಬತ್ತು ವೋಲ್ಟ್ ಬ್ಯಾಟರಿಯ ಪುಟ್ಟ ಡಬ್ಬಿ, ಬಲಗೈಯಲ್ಲಿ ಹಿಡಿದು ತಂತಿಯ ಮೇಲೆ ತೇಲಿಸಿದರೆ ಅಯಸ್ಕಾಂತದ ಬಲದಿಂದ ತಂತಿ ತಾನಾಗಿ ಮಿಡಿಯುತ್ತಾ ಇರುತ್ತದೆ. ಮೀಟುವ ಪೆಟ್ಟೇ ಕೇಳಿಸುವುದಿಲ್ಲ, ಸ್ವರ ಕಮಾನಿನಿಂದ ಎಳೆದಂತೆ ಹುಟ್ಟುತ್ತದೆ. ಅದನ್ನು ಟೇಪ್ ಎಕೋ ಅನ್ನುವ ಪ್ರತಿಧ್ವನಿ ಯಂತ್ರದ ಮೂಲಕ ಹಾಯಿಸುತ್ತಾರೆ. ಮತ್ತೆ ಫಜ್, ಅಂದರೆ ಗಿಟಾರಿನ ದನಿಯನ್ನು ಬೇಕೆಂದೇ ಒಡೆದು ಒರಟು ಮಾಡುವುದು; ಅದನ್ನು ಮಾಡುವ ಪುಟ್ಟ ಪೆಟ್ಟಿಗೆಯನ್ನು ಕಾಲಿನಿಂದ ಒತ್ತುತ್ತಾರೆ, ಅದೇ ಪೆಡಲ್. ವಾಟಾ ಬಳಸುವ ಫಜ್ ಪೆಡಲ್ ಎಲ್ಕ್ ಅನ್ನುವ ಹಳೆಯ ಜಪಾನಿ ಕಂಪನಿಯದು, 1970ರ ದಶಕದ್ದು. ಅಮೆರಿಕದ ಬಿಗ್ ಮಫ್ ಪೆಡಲನ್ನು ನೋಡಿ ಮಾಡಿದ್ದು. ಆದರೆ ಅದರ ದನಿಗೆ ತನ್ನದೇ ಒಂದು ಒರಟುತನ ಇದೆ, ಅಂಚು ಹರಿದ ಬಟ್ಟೆಯಂಥ ದನಿ ಅಲ್ಲ, ದಪ್ಪ, ತುಂಬಿಕೊಂಡ ದನಿ. ಅಮೆರಿಕದ ಓಹಾಯೋದ ಆಕ್ರನ್ ಊರಿನಲ್ಲಿರುವ ಅರ್ತ್‌ಕ್ವೇಕರ್ ಡಿವೈಸಸ್ ಆ ಪೆಡಲನ್ನು ಆಧಾರವಾಗಿಟ್ಟುಕೊಂಡು 2021ರಲ್ಲಿ ಹಿಜುಮಿಟಾಸ್ ಅನ್ನುವ ಹೊಸ ಪೆಡಲನ್ನು ಹೊರತಂದಿತು. ಅದು ವಾಟಾ ಹೆಸರಿನ ಪೆಡಲ್. ಇವತ್ತು ಯಾವುದೋ ದೇಶದ ಹುಡುಗನೊಬ್ಬ ತನ್ನ ಕೋಣೆಯಲ್ಲಿ ಆ ಗುಂಡಿಗಳನ್ನು ತಿರುಗಿಸುತ್ತಾ ವಾಟಾ ದನಿ ಹುಡುಕುತ್ತಿರುತ್ತಾನೆ. ಅವನಿಗೆ ಅವರ ಎತ್ತರ ಎಷ್ಟು ಅನ್ನುವುದು ತಲೆಗೂ ಬರುವುದಿಲ್ಲ. ದನಿ ಬೇಕು ಅವನಿಗೆ. ಹಾಗೇ ಇರಬೇಕು.

ನನ್ನ ತಕರಾರು ಇನ್ನೊಂದಿದೆ. ಗಿಟಾರ್ ವೀರರ ಪಟ್ಟಿ ಮಾಡುವಾಗ ನಾವು ಇವತ್ತಿಗೂ ವೇಗವನ್ನೇ ಅಳೆಯುತ್ತೇವೆ. ಒಂದು ಸೆಕೆಂಡಿಗೆ ಎಷ್ಟು ಸ್ವರ? ಬೆರಳು ಎಷ್ಟು ಫಾಸ್ಟ್? ಬೆಂಗಳೂರಿನ ಕಾಲೇಜು ಹಬ್ಬಗಳ ರಾಕ್ ಸ್ಪರ್ಧೆಗಳಲ್ಲಿ ನಾನು ಕಂಡದ್ದೂ ಅದೇ. ಸೋಲೋ ಎಷ್ಟು ಬೇಗ ಓಡಿದರೆ ಅಷ್ಟು ಚಪ್ಪಾಳೆ. ವೇಗ ಕಲಿಯಲು ಶ್ರಮ ಬೇಕು, ಅದನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಒಂದೇ ಸ್ವರವನ್ನು ಮೀಟಿ, ಅದು ದೊಡ್ಡದಾಗಿ, ಬಣ್ಣ ಬದಲಿಸಿ, ಪಕ್ಕದ ಸ್ವರದೊಳಗೆ ಕರಗುವವರೆಗೂ ಕಾಯುವುದಕ್ಕೆ ಬೇಕಾದ ಧೈರ್ಯವನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬೋರಿಸ್ 1996ರಲ್ಲಿ ಹೊರತಂದ 'ಆಬ್ಸಲ್ಯೂಟೆಗೊ' ಒಂದು ಗಂಟೆಯ ಒಂದೇ ರಚನೆ. ಹೊಸ ಬ್ಯಾಂಡ್ ಒಂದು ತನ್ನ ಮೊದಲ ಆಲ್ಬಮನ್ನು ಹೀಗೆ ಮಾಡುತ್ತದೆ ಅಂದರೆ ಎಷ್ಟು ನಂಬಿಕೆ ಇರಬೇಕು! 2000ದ 'ಫ್ಲಡ್' ಇನ್ನೂ ಉದ್ದ, ನಾಲ್ಕು ಭಾಗಗಳಲ್ಲಿ ಸುಮಾರು 70 ನಿಮಿಷ.

'ಫ್ಲಡ್' ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಮೊದಲ ಭಾಗದಲ್ಲಿ ಒಂದು ಚಿಕ್ಕ ಗಿಟಾರ್ ನುಡಿ ಸುತ್ತಿ ಸುತ್ತಿ ಬರುತ್ತದೆ. ಅದೇ ನುಡಿಯ ಇನ್ನೊಂದು ಪದರ ಸ್ವಲ್ಪ ಸ್ವಲ್ಪವೇ ಹಿಂದೆ ಬೀಳುತ್ತಾ ಹೋಗುತ್ತದೆ. ಕೇಳುತ್ತಾ ಕೂತರೆ ಯಾವುದು ಮೊದಲಿನದು, ಯಾವುದು ಎರಡನೆಯದು ಗೊತ್ತಾಗುವುದಿಲ್ಲ. ಎರಡನೆಯ ಭಾಗ ಮೆತ್ತಗೆ, ಅಲ್ಲಿ ವಾಟಾ ಗಿಟಾರ್ ಯಾವ ಆತುರವೂ ಇಲ್ಲದೆ ಹಾಡುತ್ತದೆ. ಮೂರನೆಯದರಲ್ಲಿ ಆ ಎಲ್ಲ ಭಾರ ಒಮ್ಮೆಗೇ ಬಂದು ಬೀಳುತ್ತದೆ. ಲೆಸ್ ಪಾಲ್, ಫಜ್, ಆಂಪ್‌ಗಳ ಗೋಡೆ ಎಲ್ಲ ಯಾಕೆ ಬೇಕಿತ್ತು ಅನ್ನುವುದು ಅಲ್ಲಿ ಕಿವಿಗಿಂತ ಮೊದಲು ಎದೆಗೆ ಗೊತ್ತಾಗುತ್ತದೆ. 2005ರಲ್ಲಿ ಬಂದ 'ಪಿಂಕ್' ಅವರನ್ನು ಜಪಾನಿನ ಹೊರಗೆ ದೊಡ್ಡ ಹೆಸರು ಮಾಡಿತು, ಒಳ್ಳೆಯ ಆಲ್ಬಮ್. ಆದರೆ ನನ್ನನ್ನು ಕೇಳಿದರೆ 'ಫ್ಲಡ್' ಒಂದು ಕೈ ಮೇಲೆ.

ಇದೇ ವಾಟಾ ಹಾಡುತ್ತಾರೆ ಕೂಡ. 2011ರ 'ಅಟೆನ್ಶನ್ ಪ್ಲೀಸ್' ಪೂರ್ತಿ ಅವರದೇ ದನಿ. 2022ರ 'ಡಬ್ಲ್ಯೂ' ಕೂಡ. ಪಿಸುಮಾತಿನಂಥ ದನಿ, ಉಸಿರು ಜಾಸ್ತಿ, ಸದ್ದು ಕಡಿಮೆ. ಆಗ ಮತ್ತೆ ಅದೇ ಜನ, ನೋಡಿ ಕೊನೆಗೂ ಹೆಣ್ಣಿನ ಮೃದುತನ ಹೊರಬಂತು ಅನ್ನುತ್ತಾರೆ. ಜೋರಾಗಿ ನುಡಿಸಿದರೆ ಹೆಣ್ಣಾಗಿಯೂ ಅನ್ನುತ್ತಾರೆ, ಮೆಲ್ಲಗೆ ಹಾಡಿದರೆ ಹೆಣ್ಣಾದ್ದರಿಂದ ಅನ್ನುತ್ತಾರೆ. ಎರಡು ಕಡೆಯೂ ಕಲಾವಿದೆ ಮಾಯ! ಅದೇ ಬ್ಯಾಂಡಿನಲ್ಲಿ ತಕೇಶಿ ಎರಡು ಕತ್ತಿನ ವಾದ್ಯ ಹೊರುತ್ತಾರೆ, ಅದೂ ಹಗುರವಲ್ಲ. ಅವರ ಭುಜದ ಬಗ್ಗೆ ಯಾರೂ ಕೇಳಿದ್ದು ನಾನು ಕಾಣೆ.

ಜಪಾನಿನಲ್ಲಿ ಈ ವಿಷಯದಲ್ಲಿ ದಾರಿ ಮೊದಲೇ ತೆರೆದಿತ್ತು ಅನ್ನುವುದನ್ನೂ ಹೇಳಬೇಕು. ಒಸಾಕಾದ ಶೋನೆನ್ ನೈಫ್ 1981ರಲ್ಲೇ ಶುರುವಾದ ಹೆಣ್ಣುಮಕ್ಕಳ ಬ್ಯಾಂಡ್. ಫುಕುವೊಕಾದ ನಂಬರ್ ಗರ್ಲ್‌ನಲ್ಲಿ ತಬುಚಿ ಹಿಸಾಕೊ ಜಾಝ್‌ಮಾಸ್ಟರ್ ಗಿಟಾರ್ ಹಿಡಿದು ಚೂರಿಯಂತೆ ಕೊಯ್ಯುವ ದನಿ ತೆಗೆದರು. ಅನಿಮೆ ನೋಡುವ ನಮ್ಮ ಹುಡುಗ ಹುಡುಗಿಯರಿಗೆ 2022ರ 'ಬೊಚ್ಚಿ ದ ರಾಕ್' ಗೊತ್ತಿರುತ್ತದೆ. ಅದರ ನಾಯಕಿಯ ಕೈಯಲ್ಲಿ ಇರುವುದೂ ಕಪ್ಪು ಲೆಸ್ ಪಾಲ್ ಕಸ್ಟಮೇ. ಅಷ್ಟು ಹೊತ್ತಿಗೆ ವಾಟಾ ಆ ಕಪ್ಪು ಗಿಟಾರ್ ಹಾಕಿಕೊಂಡು ದೇಶ ದೇಶ ಸುತ್ತಿ ಎಷ್ಟೋ ವರ್ಷ ಆಗಿತ್ತು.

ನಮ್ಮಲ್ಲಿ? ನನ್ನ ಅಕ್ಕನ ಮಗಳಿಗೆ ಎಲೆಕ್ಟ್ರಿಕ್ ಗಿಟಾರ್ ಕಲಿಯುವ ಆಸೆ. ಸೇರಿಸಲು ಹೋದ ಕಡೆ ಅವಳಿಗೆ ಉಕುಲೆಲೆ ಕೊಟ್ಟರು. ಹುಡುಗಿಯರಿಗೆ ಇದು ಸುಲಭ, ಹಾಡಿನ ಜೊತೆ ಚೆನ್ನಾಗಿರುತ್ತದೆ ಅಂದರು. ಉಕುಲೆಲೆ ಒಳ್ಳೆಯ ವಾದ್ಯ, ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಅವಳು ಕೇಳಿದ್ದು ಅದನ್ನಲ್ಲ. ಅವಳ ಭುಜಕ್ಕೆ ಯಾವುದು ಭಾರ, ಯಾವುದು ಹಗುರ ಅಂತ ಅವಳೇ ಹಾಕಿಕೊಂಡು ನೋಡಲಿ. ಭಾರ ಅನ್ನಿಸಿದರೆ ಅಗಲ ಪಟ್ಟಿ ಹಾಕಿಕೊಳ್ಳಲಿ, ಕೂತು ನುಡಿಸಲಿ, ಇಲ್ಲವೇ ಹಗುರವಾದದ್ದು ಆರಿಸಲಿ. ಆ ಆಯ್ಕೆ ಅವಳದು. ಈಗ ಅವಳು ಬೇರೆ ಕಡೆ ಕಲಿಯುತ್ತಿದ್ದಾಳೆ, ಎಲೆಕ್ಟ್ರಿಕ್ ಗಿಟಾರನ್ನೇ. ಮೊನ್ನೆ ಆಂಪ್ ಹತ್ತಿರ ನಿಂತಾಗ ತಾನಾಗಿ ಕೂಗು ಎದ್ದಿತಂತೆ, ಗಿಟಾರ್ ಕೆಟ್ಟಿತಾ ಅಂತ ಫೋನ್ ಮಾಡಿದಳು. ಕೆಟ್ಟಿಲ್ಲ ಕಂದ, ನಿಲ್ಲಿಸಬೇಡ, ಸ್ವಲ್ಪ ತಿರುಗಿ ನೋಡು ಅಂದೆ.

ಬೋರಿಸ್ ಕೇಳದವರಿಗೆ ಒಂದು ವಿನಂತಿ. 'ಫ್ಲಡ್'ನಿಂದ ಶುರು ಮಾಡಿ. ಫೋನಿನ ಸ್ಪೀಕರಿನಲ್ಲಿ ಬೇಡ, ಒಳ್ಳೆಯ ಹೆಡ್‌ಫೋನಾದರೂ ಇರಲಿ. ಮೊದಲ ಭಾಗದಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸಿದರೂ ಮುಂದಕ್ಕೆ ಓಡಿಸಬೇಡಿ, ಮೂರನೆಯ ಭಾಗ ಬಿದ್ದಾಗ ಅದರ ಬೆಲೆ ಗೊತ್ತಾಗುತ್ತದೆ. ಕೇಳಿ ಮುಗಿಸಿದವರು ಇಲ್ಲೇ ಬರೆಯಿರಿ. ಇಷ್ಟವಾಗದಿದ್ದರೂ ಬರೆಯಿರಿ. ವಾಟಾ ಗಿಟಾರ್ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಸಿಕ್ಕರೆ ನನಗೆ ಅದಕ್ಕಿಂತ ಖುಷಿ ಇನ್ನೊಂದಿಲ್ಲ.